ಗೋಡೆಯ ಮೇಲಿನ ಹದಿನೇಳು

ಪ್ಯಾಂಟಿನ ಅಂಚಿನ ಹಳೆಯ ಹೊಲಿಗೆ ಬಿಚ್ಚುವಾಗ ಸದ್ದಾಗುವುದಿಲ್ಲ. ನಾಲ್ಕು ಹೊಲಿಗೆಗೊಂದರಂತೆ ಕತ್ತರಿಸಬೇಕು, ಬಟ್ಟೆ ತಿರುವಿ ಹಾಕಬೇಕು, ಹಿಂಬದಿಯ ದಾರವನ್ನು ಮೆಲ್ಲಗೆ ಎಳೆಯಬೇಕು. ಇಡೀ ದಾರ ಒಂದೇ ಎಳೆಯಾಗಿ ಕೈಗೆ ಬರುತ್ತದೆ. ಹಾಗೆ ಬಂದ ದಾರವನ್ನು ಬೆರಳಿಗೆ ಸುತ್ತಿ ಡಬ್ಬಕ್ಕೆ ಹಾಕಿ, ಸೂಜಿ ಎಂದು ಕರೆಸಿಕೊಳ್ಳುವ ಮಗಳು ಮುಂದಿನ ಪ್ಯಾಂಟು ಎತ್ತಿಕೊಂಡಳು. ಆಚೆ ಬದಿಯ ಮೆಷಿನ್ನಿನಲ್ಲಿ ಅಮ್ಮ ಕೋಟಿನ ತೋಳು ಕೂರಿಸುತ್ತಿದ್ದಳು. ಬೆಳಗಿನಿಂದ ಇಬ್ಬರೂ ಒಂದು ಮಾತೂ ಆಡಿರಲಿಲ್ಲ. ಆಡಬೇಕಾದದ್ದು ಕಟ್ಟಡದ ಯಜಮಾನರ ಕಾಗದದಲ್ಲಿತ್ತು, ಆ ಕಾಗದ ಇಸ್ತ್ರಿಪೆಟ್ಟಿಗೆಯ ಕೆಳಗಿತ್ತು.

ತಿಂಗಳ ಕೊನೆಯೊಳಗೆ ಹೊಸ ಮುಂಗಡ ಕಟ್ಟಬೇಕು, ಇಲ್ಲವೇ ಅಂಗಡಿ ಬಿಡಬೇಕು. ಬಿಟ್ಟರೆ ತಾಯಿ ಮಗಳಿಬ್ಬರಿಗೂ ಅಣ್ಣನ ಮನೆ ಇದ್ದೇ ಇತ್ತು. ಅಲ್ಲಿ ಅತ್ತಿಗೆ ಹೇಳಿದ ಹೊತ್ತಿಗೆ ಏಳುವುದು, ಅತ್ತಿಗೆ ಹೇಳಿದ ಮಗುವನ್ನು ಎತ್ತಿಕೊಳ್ಳುವುದು.

ಸೂಜಿ ಎನ್ನುವುದು ಅಪ್ಪ ಇಟ್ಟ ಅಡ್ಡಹೆಸರು. ತೆಳ್ಳಗಿದ್ದಳು, ಮಾತು ಕಡಿಮೆ, ಎಲ್ಲಿಟ್ಟರೆ ಅಲ್ಲಿ ಕಾಣದಂತೆ ಇರುತ್ತಿದ್ದಳು. ಎಂಟನೇ ತರಗತಿಗೆ ಶಾಲೆ ಬಿಟ್ಟು ಅಂಗಡಿಗೆ ಬಂದವಳಿಗೆ ಅಪ್ಪ ಕಾಜ ಹಾಕುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಕಲಿಸಿದ್ದ. ಅಪ್ಪ ಇಪ್ಪತ್ತೈದು ವರ್ಷ ಉಳಿಸಿದ ಪುಡಿಗಾಸಿನಲ್ಲಿ ಐದು ಕಂಪನಿಗಳ ಷೇರು ಕೊಂಡಿದ್ದ. ಮೊದಲು ಕೊಂಡದ್ದು ದಾರದ ಕಂಪನಿಯದು. "ದಿನಾ ಇವರ ದಾರಕ್ಕೆ ದುಡ್ಡು ಸುರೀತೀವಿ, ಅವರೂ ಒಂದಿಷ್ಟು ವಾಪಸ್ ಕೊಡ್ಲಿ" ಎನ್ನುತ್ತಿದ್ದ. ಯಾವ ಕಂಪನಿ ಯಾವಾಗ ಲಾಭದ ಪಾಲು, ಅಂದರೆ ಡಿವಿಡೆಂಡ್ ಕೊಡುತ್ತದೆ, ಅದರ ಎಕ್ಸ್ ಡೇಟ್ ಯಾವತ್ತು ಎಂದು ಪತ್ರಿಕೆ ನೋಡಿ, ಫೋನ್ ನೋಡಿ, ಅಂಗಡಿಯ ಕ್ಯಾಲೆಂಡರಿನ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುವುದು ಸೂಜಿಯ ಕೆಲಸ.

"ಎಕ್ಸ್ ಡೇಟ್ ದಿನ ಬೆಳಿಗ್ಗೆ ಬಾಗಿಲು ಮುಚ್ಚುತ್ತೆ ಅಂದ್ಕೊ" ಎಂದು ಅಪ್ಪ ಬಿಡಿಸಿ ಹೇಳಿದ್ದ. "ಹಿಂದಿನ ಸಂಜೆ ಷೇರು ಹಿಡ್ಕೊಂಡು ಒಳಗಿದ್ದೋರಿಗೆಲ್ಲ ಊಟ. ಅವತ್ತು ಬಂದೋರಿಗೆ ಖಾಲಿ ಎಲೆ. ಒಳಗಿದ್ದೋನು ಅವತ್ತೇ ಎದ್ದು ಹೋದ್ರೂ ಅವನ ಊಟ ಅವನಿಗೇ."

ಅಪ್ಪ ಹೋಗಿ ಮೂರು ವರ್ಷ. ಷೇರುಗಳು ಅಣ್ಣನ ಹೆಸರಿಗೆ ಹೋದವು. ಡಿವಿಡೆಂಡ್ ಮಾತ್ರ ಅಮ್ಮನ ಬ್ಯಾಂಕ್ ಖಾತೆಗೆ ಬೀಳುವಂತೆ ಅಪ್ಪ ಮೊದಲೇ ಬರೆದಿಟ್ಟಿದ್ದ. ಈ ಸಲ ದಾರದ ಕಂಪನಿ ಹಳೆಯ ಗಿರಣಿಯ ಜಾಗ ಮಾರಿ, ಎಂದೂ ಕೊಡದಷ್ಟು ದೊಡ್ಡ ಡಿವಿಡೆಂಡ್ ಘೋಷಿಸಿತ್ತು. ಅದು ಅಮ್ಮನಿಗೆ ಬಂದರೆ ಮುಂಗಡ ಕಟ್ಟಿ ಇನ್ನೂ ಸ್ವಲ್ಪ ಉಳಿಯುತ್ತಿತ್ತು.

ಅಣ್ಣ ಅಂದು, ಮಂಗಳವಾರ ಮಧ್ಯಾಹ್ನ ಬಂದ. ಪೀಠೋಪಕರಣದ ವ್ಯಾಪಾರಿ, ಎಲ್ಲಿ ಹೋದರೂ ಜೇಬಿನಲ್ಲಿ ಅಳತೆಪಟ್ಟಿ. ಬಂದವನೇ ಅಪ್ಪನ ಮೆಷಿನ್ನನ್ನು ಅಡ್ಡ ಉದ್ದ ಅಳೆಯತೊಡಗಿದ.

"ಅದ್ಯಾಕೋ ಅಳೀತೀಯ?" ಅಮ್ಮ ಕೇಳಿದಳು.

"ತಗೊಳ್ಳೋ ಪಾರ್ಟಿ ಸಿಕ್ಕಿದಾನೆ. ಕಟ್ಟಡದ ಯಜಮಾನ್ರಿಗೂ ಹೇಳಿದೀನಿ, ತಿಂಗಳ ಕೊನೆಗೆ ಖಾಲಿ ಮಾಡ್ತಾರೆ ಅಂತ. ಸಾಕಮ್ಮ, ಎಷ್ಟು ವರ್ಷ ಅಂತ ಕಣ್ಣು ಕಳ್ಕೊಳ್ತೀಯ? ಮನೇಲಿ ಆರಾಮಾಗಿರು."

"ನನ್ನ ಕಣ್ಣು ಚೆನ್ನಾಗೇ ಇದೆ."

"ದಾರದ ಕಂಪನಿ ಷೇರೂ ಮಾರ್ತಾ ಇದೀನಿ. ಸಾಮಾನು ಸಾಗಿಸೋಕೆ ವ್ಯಾನು ಬೇಕು ನಂಗೆ."

ಅಮ್ಮನ ಕಾಲು ಪೆಡಲಿನ ಮೇಲೆ ನಿಂತಿತು. "ಮಾರೋದಾದ್ರೆ ಮಾರು. ಡಿವಿಡೆಂಡ್ ನನ್ನ ಪಾಲಿಗೆ ಗಟ್ಟಿಯಾದ್ಮೇಲೆ ಮಾರೋ. ಕೆಲವೇ ದಿನದ ಮಾತು."

"ಆಮೇಲೆ ಮಾರಿದ್ರೆ ರೇಟು ಅಷ್ಟೇ ಬೀಳುತ್ತೆ. ನಿಂಗೆ ಬರೋದು ನನ್ನ ಜೇಬಿಂದಲೇ ಹೋದಂಗೆ. ಅಷ್ಟೂ ಗೊತ್ತಾಗಲ್ವಾ?"

ಅಣ್ಣ ಹೇಳಿದ್ದು ಸುಳ್ಳಲ್ಲವೆಂದು ಸೂಜಿಗೆ ಗೊತ್ತಿತ್ತು. ಕಂಪನಿಯಿಂದ ಹೊರಗೆ ಹೋಗುವ ದುಡ್ಡಿನಷ್ಟು ಷೇರಿನ ಬೆಲೆ ಎಕ್ಸ್ ಡೇಟಿನ ಬೆಳಿಗ್ಗೆ ಇಳಿಯುತ್ತದೆ. ಹಿಂದಿನ ದಿನ ಮಾರಿದರೆ ಪೂರ್ತಿ ಅಣ್ಣನಿಗೆ. ಒಂದು ದಿನ ತಡವಾದರೆ ಅಮ್ಮನ ಪಾಲು ಅಮ್ಮನಿಗೆ. ಅಪ್ಪನ ಇಪ್ಪತ್ತೈದು ವರ್ಷದಲ್ಲಿ ಅಮ್ಮನಿಗೆ ಉಳಿದದ್ದು ಈ ಒಂದು ದಿನ.

"ರೇಟು ದಿನಾ ಏರ್ತಾ ಇದೆ, ಕೊನೇ ದಿನದವರೆಗೂ ಎಳೀಬೇಕು" ಎನ್ನುತ್ತ ಅಣ್ಣ ಕ್ಯಾಲೆಂಡರಿನ ಮುಂದೆ ನಿಂತ. "ಏನೇ ಎಂಟನೇ ಕ್ಲಾಸು, ನಿನ್ನ ಕೆಂಪು ಗುರುತು ಎಲ್ಲಿದೆ? ಹಾಂ, ಹದಿನೇಳು."

ಅವನ ಬೆರಳು ಗುರುವಾರದ ಚೌಕದ ಮೇಲೆ ಕುಳಿತಿತು. ಆಮೇಲೆ ಅವನ ಮುಖದಲ್ಲಿ ಒಂದು ನಗೆ ಮೂಡಿತು, ಮನೆಯ ಗುಟ್ಟು ಬಲ್ಲವನ ನಗೆ. ಬೆರಳು ಮೆಲ್ಲಗೆ ಒಂದು ಚೌಕ ಮುಂದೆ ಸರಿಯಿತು. ಹದಿನೆಂಟು.

ಸೂಜಿ ನೋಡುತ್ತಲೇ ಇದ್ದಳು. ಆ ಸರಿದ ಬೆರಳಿನ ಹಿಂದೆ ಏನಿದೆ ಎಂದು ಅವಳಿಗೆ ಥಟ್ಟನೆ ಹೊಳೆಯಿತು. ಈ ಅಂಗಡಿಯಲ್ಲಿ ಗಿರಾಕಿಗೆ ಹದಿನೆಂಟಕ್ಕೆ ಬನ್ನಿ ಎಂದರೆ ಗೋಡೆಗೆ ಹದಿನೇಳು ಎಂದು ಬರೆಯುವುದು ಅಪ್ಪ ಹಾಕಿದ ಪದ್ಧತಿ. ಗುಂಡಿ ಕಳೆಯಲಿ, ಕರೆಂಟು ಹೋಗಲಿ, ಒಂದು ದಿನ ಕೈಯಲ್ಲಿರುತ್ತದೆ. ಅಣ್ಣ ಹುಡುಗನಾಗಿದ್ದಾಗ ಈ ಗೋಡೆಯ ಕೆಳಗೇ ಕೂತು ಮನೆಪಾಠ ಬರೆದವನು. ಗೋಡೆ ಮೇಲಿನ ತಾರೀಖಿಗೆ ಒಂದು ಕೂಡಿಸಬೇಕು ಎನ್ನುವುದು ಅವನ ರಕ್ತದಲ್ಲಿ ಸೇರಿತ್ತು. ಆದರೆ ಆ ಪದ್ಧತಿ ಗಿರಾಕಿಗಳ ನೀಲಿ ಅಂಕಿಗೆ. ಕೆಂಪು ಅಂಕಿಯನ್ನು ಸೂಜಿ ಯಾವತ್ತೂ ಇದ್ದದ್ದು ಇದ್ದಂತೆ ಬರೆದಿದ್ದಳು. ಷೇರುಪೇಟೆ ಯಾರಿಗೋಸ್ಕರವೂ ಒಂದು ದಿನ ಕಾಯುವುದಿಲ್ಲ.

"ಹಾಗಾದ್ರೆ ಹದಿನೇಳಕ್ಕೆ ಮಾರಿದ್ರಾಯ್ತು" ಎಂದು ಅಣ್ಣ ತನಗೆ ತಾನೇ ಹೇಳಿಕೊಂಡ.

ಸೂಜಿಯ ತುಟಿಗಳ ನಡುವೆ ನಾಲ್ಕು ಗುಂಡುಸೂಜಿಗಳಿದ್ದವು, ಅಂಚು ಮಡಿಸಿ ಚುಚ್ಚಲು ಹಿಡಿದುಕೊಂಡವು. ತೆಗೆದು ಕೈಯಲ್ಲಿಟ್ಟುಕೊಳ್ಳಲು ಒಂದು ಗಳಿಗೆ ಸಾಕು. ಅವಳು ತೆಗೆಯಲಿಲ್ಲ. ಅಮ್ಮ ಅವಳ ಕಡೆ ನೋಡಿದಳು, ಅವಳು ಅಮ್ಮನ ಕಡೆ ನೋಡಿದಳು. ನಿಂತಿದ್ದ ಪೆಡಲು ಮತ್ತೆ ಓಡತೊಡಗಿತು.

ಅಣ್ಣ ಹೋದ ಮೇಲೆ ಅಮ್ಮ ಮೆಷಿನ್ನಿನಿಂದ ತಲೆ ಎತ್ತದೆಯೇ ಕೇಳಿದಳು, "ಹೇಳ್ಬೇಕಿತ್ತೇನೇ?"

ಸೂಜಿ ಗುಂಡುಸೂಜಿಗಳನ್ನು ಒಂದೊಂದಾಗಿ ಬಟ್ಟೆಗೆ ಚುಚ್ಚಿ ಮುಗಿಸಿದಳು. "ಅವನು ಕೇಳಿದ್ನಾ?"

ಬುಧವಾರ ಇಡೀ ದಿನ ಸೂಜಿ ಬಾಗಿಲ ಕಡೆ ನೋಡುತ್ತಲೇ ಇದ್ದಳು. ಅಣ್ಣ ಫೋನಿನಲ್ಲಿ ಒಮ್ಮೆ ನೋಡಿದರೆ ಸಾಕಿತ್ತು. ಯಾರನ್ನಾದರೂ ಒಂದು ಮಾತು ಕೇಳಿದರೆ ಸಾಕಿತ್ತು. ಒಂದೇ ಜೇಬನ್ನು ಎರಡು ಸಲ ಉಲ್ಟಾ ಹೊಲಿದು ಬಿಚ್ಚಿದಳು. ಸಂಜೆ ಪೇಟೆ ಮುಚ್ಚುವ ಹೊತ್ತು ದಾಟಿತು, ಅಣ್ಣನ ಸುದ್ದಿಯಿಲ್ಲ. ಅವಳು ಬಾಗಿಲಿಗೆ ಬೀಗ ಹಾಕಿ ನೇರ ಕಟ್ಟಡದ ಯಜಮಾನರ ಮನೆಯ ಮೆಟ್ಟಿಲು ಹತ್ತಿದಳು. ಹುಟ್ಟಿದಾಗಿನಿಂದ ಅವರ ಎದುರು ತುಟಿ ಬಿಚ್ಚದವಳು, "ನಾವು ಖಾಲಿ ಮಾಡಲ್ಲ. ಮುಂಗಡ ತಿಂಗಳ ಕೊನೆಗೆ ಕೊಡ್ತೀವಿ" ಎಂದು ಹೇಳಿ, ಅವರು ಕನ್ನಡಕ ಹುಡುಕಿ ಹಾಕಿಕೊಳ್ಳುವುದರೊಳಗೆ ಇಳಿದುಬಂದಳು.

ಗುರುವಾರ ಸಂಜೆ ಅಣ್ಣ ಬಾಗಿಲು ದಬ್ಬಿದ ರಭಸಕ್ಕೆ ನೇತುಹಾಕಿದ್ದ ಕೋಟುಗಳೆಲ್ಲ ಅಲುಗಾಡಿದವು.

"ಬೆಳಿಗ್ಗೆ ನೋಡ್ತೀನಿ, ರೇಟು ಧಡ್ ಅಂತ ಕೆಳಗೆ! ಇನ್ನೂ ಬೀಳುತ್ತೇನೋ ಅಂತ ಗಾಬರಿಯಾಗಿ ಮಾರಿ ಆಮೇಲೆ ವಿಚಾರಿಸಿದ್ರೆ, ಇವತ್ತೇ ಅಂತೆ ಎಕ್ಸ್ ಡೇಟು!" ಅವನು ಕ್ಯಾಲೆಂಡರಿಗೆ ಬಡಿದ. "ಹದಿನೇಳು ಅಂತ ಬರೆದು ಹದಿನೇಳೇ ಇಟ್ಟಿದೀಯಲ್ಲೇ!"

"ಬರೆದಿದ್ದು ನಿಜ ಅಂತ ಬೈತಿದೀಯಾ?" ಸೂಜಿ ಕೇಳಿದಳು.

ಅಮ್ಮನಿಗೆ ನಗು ಬಂತು. ಕೋಟಿನ ತೋಳಿಗೆ ಬಾಯಿ ಒತ್ತಿ ಅದನ್ನು ಕೆಮ್ಮು ಮಾಡಿದಳು.

"ಈ ಗೋಡೆ ಮೇಲೆ ಯಾವತ್ತು ನಿಜವಾದ ತಾರೀಖು ಬರೆದಿದ್ದಾರೆ? ನಂಗೆ ಬೇಕಂತಲೇ ಹೇಳ್ಲಿಲ್ಲ ನೀನು."

"ಹೌದು. ಹೇಳ್ಲಿಲ್ಲ."

ಅವನು ಇದನ್ನು ನಿರೀಕ್ಷಿಸಿರಲಿಲ್ಲ. ಅಳುತ್ತಾಳೆ, ಮರೆತುಹೋಯಿತು ಎನ್ನುತ್ತಾಳೆ, ಅಮ್ಮನ ಹಿಂದೆ ಹೋಗಿ ನಿಲ್ಲುತ್ತಾಳೆ ಎಂದುಕೊಂಡಿದ್ದ. ಅವಳು ಕತ್ತರಿಸುವ ಮೇಜಿನ ಈಚೆ, ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ, ಭುಜದ ಮೇಲೆ ಅಳತೆಪಟ್ಟಿ ಹಾಕಿಕೊಂಡು ನಿಂತಿದ್ದಳು.

"ಮೂರು ವರ್ಷದಿಂದ ಐದು ಕಂಪನಿ ತಾರೀಖು ನಾನು ಬರೀತಾ ಇದೀನಿ" ಎಂದಳು. "ಒಂದು ದಿನ ಆದ್ರೂ ಕೇಳಿದೀಯಾ, ಕೆಂಪು ಅಂದ್ರೇನು, ನೀಲಿ ಅಂದ್ರೇನು ಅಂತ? ಮೊನ್ನೆ ನನ್ನ ಮುಂದೆ ನಿಂತೇ ಲೆಕ್ಕ ಹಾಕ್ದೆ. ಎಂಟನೇ ಕ್ಲಾಸಿಗೆ ಏನು ಗೊತ್ತಿರುತ್ತೆ ಅಂತ ತಾನೇ?"

ಅಣ್ಣ ಅಮ್ಮನ ಕಡೆ ತಿರುಗಿದ. ದನಿ ಮೆತ್ತಗಾಯಿತು. "ಆಗಿದ್ದಾಯ್ತು ಬಿಡಮ್ಮ. ಆ ದುಡ್ಡು ನಿನ್ನ ಖಾತೆಗೆ ಬಂದ ತಕ್ಷಣ ನನಗೆ ಹಾಕ್ಬಿಡು. ವ್ಯಾನಿಗೆ ಮಾತು ಕೊಟ್ಟಿದೀನಿ."

ಅಮ್ಮ ದಾರ ಕಚ್ಚಿ ಕತ್ತರಿಸಿದಳು. ಕೋಟನ್ನು ಎತ್ತಿ ಬೆಳಕಿಗೆ ಹಿಡಿದು, ಎರಡೂ ತೋಳು ಸಮನಾಗಿವೆಯೇ ಎಂದು ನೋಡಿದಳು. "ಆಗಲ್ಲ ಕಣೋ" ಎಂದಳು. "ಆ ದುಡ್ಡಿಗೆ ಕೆಲಸ ಇದೆ."

"ಏನು ಕೆಲಸ? ಯಜಮಾನ್ರಿಗೆ ಖಾಲಿ ಮಾಡ್ತಾರೆ ಅಂತ ಆಗಲೇ ಹೇಳಿದೀನಲ್ಲ."

"ಖಾಲಿ ಮಾಡಲ್ಲ ಅಂತ ನಾನು ಹೇಳಿ ಬಂದೆ" ಎಂದಳು ಸೂಜಿ. "ನಿನ್ನೆ."

ಅಣ್ಣ ತಂಗಿಯನ್ನು ಮೊದಲ ಸಲ ನೋಡುವವನಂತೆ ನೋಡಿದ. ಆಮೇಲೆ ಜೇಬಿನಿಂದ ಕೀಲಿಗೊಂಚಲು ತೆಗೆದ. ಅವನ ಗೋದಾಮಿನ ಕೀಲಿ, ಸ್ಕೂಟರಿನ ಕೀಲಿ, ಅವುಗಳ ನಡುವೆ ಅಪ್ಪನ ಕಾಲದಿಂದ ಅವನ ಬಳಿಯೇ ಉಳಿದಿದ್ದ ಈ ಅಂಗಡಿಯ ಎರಡನೇ ಕೀಲಿ. ಸ್ಕೂಟರಿನದನ್ನು ಬೆರಳಿಗೆ ಸಿಕ್ಕಿಸಿಕೊಂಡು ಬಾಗಿಲ ಕಡೆ ನಡೆದ.

ಸೂಜಿ ಮೇಜು ಸುತ್ತಿ ಬಂದು, ಅವನಿಗೂ ಹೊಸ್ತಿಲಿಗೂ ನಡುವೆ ನಿಂತು ಅಂಗೈ ಚಾಚಿದಳು.

"ಅಣ್ಣ, ಅಂಗಡಿ ಕೀಲಿ ಕೊಟ್ಟು ಹೋಗು."

ಅವನು ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದು ನಿಂತೇ ಇದ್ದ. ಅಮ್ಮ ಮೆಷಿನ್ನಿನ ಸೂಜಿಗಣ್ಣಿಗೆ ದಾರ ಪೋಣಿಸುತ್ತಿದ್ದಳು. ಚಾಚಿದ ಕೈಯನ್ನು ಮಗಳು ಹಿಂದೆ ತೆಗೆಯಲಿಲ್ಲ.

"ಕೀಲಿ ಕೊಡಣ್ಣ."