ಬಾಗಿಲಲ್ಲಿ ನಿಂತ ಪರಮಾಣು

"ನೋಡಿ, ಇಲ್ಲಿ ನಿಲ್ಲುತ್ತೆ!" ಎಂದು ಮೇಷ್ಟ್ರು ಪರದೆಯ ಮೇಲೆ ಕೋಲಿಟ್ಟರು. "ಬಾಗಿಲವರೆಗೂ ಬಂದು, ಒಳಗೆ ಹೋಗದೆ ನಿಂತ್ಬಿಡುತ್ತೆ. ಇದನ್ನ ಇದುವರೆಗೂ ಯಾರೂ ಕಂಡಿರಲಿಲ್ಲ."

ಕೊನೆಯ ಸಾಲಿನಲ್ಲಿ ಕೂತಿದ್ದ ಚಿತ್ರದಕ್ಕ ಪರದೆಯತ್ತ ಕತ್ತು ಚಾಚಿದಳು. ಪರದೆಯ ಮೇಲೆ ನೇರಳೆ ಬಣ್ಣದ ಪೊಟ್ಯಾಸಿಯಂ ಪರಮಾಣು ಪ್ರೋಟೀನಿನ ಓಣಿಯೊಳಗೆ ಉರುಳಿಕೊಂಡು ಬಂದು, ಕಿರಿದಾದ ಬಾಗಿಲ ಮುಂದೆ ಗಕ್ಕನೆ ನಿಂತಿತು. ಎರಡು ಸೆಕೆಂಡು. ಆಮೇಲೆ ಏನೂ ಆಗದ ಹಾಗೆ ಒಳಗೆ ಜಾರಿತು. ಆ ಎರಡು ಸೆಕೆಂಡು ಯಾವ ಲೆಕ್ಕಾಚಾರದಿಂದಲೂ ಬಂದದ್ದಲ್ಲ, ತನ್ನ ಬೆರಳಿನಿಂದ ಬಂದದ್ದು ಎಂದು ಆ ಸಭಾಂಗಣದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಅವಳು ಈ ಪ್ರಯೋಗಾಲಯದ ಚಿತ್ರಗಾರ್ತಿ. ಹೆಸರು ಹಿಡಿದು ಕರೆಯುವವರೇ ಇಲ್ಲ, ಜವಾನನಿಂದ ಹಿಡಿದು ಪ್ರಯೋಗಾಲಯ ನಡೆಸುವ ಮೇಷ್ಟ್ರವರೆಗೆ ಎಲ್ಲರಿಗೂ ಚಿತ್ರದಕ್ಕ. ಪ್ರೋಗ್ರಾಮ್ ಬರೆಯುವ ವಿದ್ಯೆ ಅವಳ ತಲೆಗೆ ಹತ್ತಿದ್ದಲ್ಲ. ಮೌಸಿನಲ್ಲಿ ಪರಮಾಣುವನ್ನು ಒಂದು ಕೂದಲೆಳೆಯಷ್ಟು ಎಳೆಯುವುದು, ಕೀಲಿ ಒತ್ತಿ ಆ ದೃಶ್ಯವನ್ನು ಉಳಿಸುವುದು, ಮತ್ತೆ ಎಳೆಯುವುದು, ಮತ್ತೆ ಒತ್ತುವುದು. ನಡುವಿನ ಓಟವನ್ನು ಕಂಪ್ಯೂಟರೇ ತುಂಬಿಕೊಳ್ಳುತ್ತಿತ್ತು. ಈ ಸಲ ಮೇಷ್ಟ್ರು ಪರಮಾಣು ಸಾಗುವ ದಾರಿಯನ್ನೆಲ್ಲ ಲೆಕ್ಕ ಹಾಕಿಸಿ, ಚಿತ್ರದಲ್ಲೂ ಅದು ಹಾಗೆಯೇ ಓಡಲೆಂದು ಆ ಫೈಲನ್ನೇ ಕೊಟ್ಟಿದ್ದರು. ಅದು ಜಪ್ಪಯ್ಯ ಎಂದರೂ ತೆರೆಯಲಿಲ್ಲ. ಕೊನೆಗೆ ತನ್ನ ಹಳೆಯ ದಾರಿಯನ್ನೇ ಹಿಡಿದು, "ಸರ್, ಫೈಲ್ ತೆರೀಲಿಲ್ಲ, ಕೈಯಲ್ಲೇ ಮಾಡ್ಬಿಟ್ಟೆ" ಎಂದು ಹೇಳಿಯೂ ಇದ್ದಳು. ಮೇಷ್ಟ್ರು ಗಡಿಬಿಡಿಯಲ್ಲಿ ಮೆಟ್ಟಿಲಿಳಿಯುತ್ತ "ಆಗ್ಲಿ, ಆಗ್ಲಿ" ಎಂದಿದ್ದರು. ಕಿವಿ ಮಾತ್ರ ಇನ್ನೆಲ್ಲೋ ಇತ್ತು.

ಆ ಕೆಲಸದ ನಡುವೆಯೇ, ಅಮ್ಮನನ್ನು ನೋಡಿಕೊಳ್ಳುವ ಅವಳ ಅಕ್ಕನ ಫೋನ್ ಬಂದದ್ದು. "ಬೆಳಿಗ್ಗೆ ಅಮ್ಮನಿಗೆ ತಲೆ ಬಾಚ್ತಾ ಇದ್ದೆ ಕಣೇ. ತಿರುಗಿ ನೋಡಿ, 'ಯಾರಮ್ಮಾ ನೀನು, ಯಾರ ಮನೆಯವಳು?' ಅಂದ್ಲು. ನನ್ನನ್ನ! ದಿನಾ ಉಣ್ಣಿಸೋ ನನ್ನನ್ನ!" ಚಿತ್ರದಕ್ಕ ಫೋನನ್ನು ಕಿವಿಗೊತ್ತಿಕೊಂಡೇ ಕೂತಳು. ಎಷ್ಟು ಹೊತ್ತು ಹಾಗೇ ಕೂತಿದ್ದಳೋ, ಬೆರಳು ಕೀಲಿಯ ಮೇಲೆಯೇ ಉಳಿದಿತ್ತು. ಬಾಗಿಲ ಮುಂದಿನ ಒಂದೇ ದೃಶ್ಯ ಹತ್ತಾರು ಸಲ ಉಳಿದುಕೊಂಡಿತ್ತು. ಕಣ್ಣೊರೆಸಿಕೊಂಡು ಮಿಕ್ಕದ್ದನ್ನು ಮುಗಿಸಿ, ಮತ್ತೊಮ್ಮೆ ಓಡಿಸಿಯೂ ನೋಡದೆ ಕಳಿಸಿಬಿಟ್ಟಿದ್ದಳು.

ಅದಾಗಿ ಐದು ದಿನ. ಅಮ್ಮನ ಮನೆ ಎರಡೇ ಬೀದಿ ಆಚೆ. ಆದರೂ ಅವಳು ಅತ್ತ ತಲೆ ಹಾಕಿರಲಿಲ್ಲ. ತನ್ನನ್ನೂ ಹಾಗೇ ಕೇಳಿಬಿಟ್ಟರೆ ಎಂಬ ದಿಗಿಲು.

"ಅದು ನಿಜವಾಗ್ಲೂ ನಿಲ್ಲುತ್ತಾ?" ಮುಂದಿನ ಸಾಲಿನಲ್ಲಿದ್ದ ಹಿರಿಯ ವಿಜ್ಞಾನಿಯೊಬ್ಬರು ಕನ್ನಡಕ ಸರಿಮಾಡಿಕೊಂಡು ಕೇಳಿದರು.

"ನೀವೇ ಕಂಡ್ರಲ್ಲ! ನಮ್ಮ ಲೆಕ್ಕದ ದಾರೀನೇ ಇದು. ಇದೇ ವಾರ ಪ್ರಬಂಧ ಕಳಿಸ್ತಾ ಇದೀವಿ" ಎಂದರು ಮೇಷ್ಟ್ರು. ಇಪ್ಪತ್ತು ವರ್ಷದಿಂದ ಈ ಒಂದು ಬಾಗಿಲ ಬೆನ್ನು ಬಿದ್ದ ಮನುಷ್ಯ, ಮುಖ ಇಷ್ಟಗಲವಾಗಿತ್ತು. ಸುತ್ತ ಎಲ್ಲರೂ ಬರೆದುಕೊಳ್ಳುತ್ತಿದ್ದರು. ಸುಮ್ಮನಿದ್ದರೆ ಸುಳ್ಳು ಅಚ್ಚಾಗುತ್ತದೆ. ಬಾಯಿಬಿಟ್ಟರೆ ಇಷ್ಟು ಜನರ ಮುಂದೆ ಮೇಷ್ಟ್ರ ಮಾನ ಹೋಗುತ್ತದೆ. ಚಿತ್ರದಕ್ಕ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದಳು.

"ಸರ್, ಅದು ನಿಂತಿಲ್ಲ. ನಾನು ನಿಂತೆ."

"ಏನಮ್ಮಾ? ಏನಂದ್ರಿ?" ಎಂದರು ಮೇಷ್ಟ್ರು.

"ನಿಮ್ಮ ಫೈಲ್ ತೆರೀಲಿಲ್ಲ ಅಂದಿದ್ನಲ್ಲ ಸರ್. ಇದು ನಾನು ಕೈಯಲ್ಲಿ ಎಳೆದು ಮಾಡಿದ್ದು. ಆ ಬಾಗಿಲ ಹತ್ರ ಬರೋ ಹೊತ್ತಿಗೆ ಫೋನ್ ಬಂತು. ನಮ್ಮಮ್ಮ... ಅಕ್ಕನ್ನ ಯಾರು ನೀನು ಅಂತ ಕೇಳಿದ್ಲಂತೆ. ಬೆರಳು ತೆಗೆಯೋಕೇ ಮರ್ತೆ."

ಯಾರೋ ಕಿಸಕ್ಕೆಂದು ನಕ್ಕು, ಅದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಮೇಷ್ಟ್ರ ಕೋಲು ಇನ್ನೂ ಪರದೆಯ ಮೇಲೇ ಇತ್ತು. ಬೈದಿದ್ದರೆ ವಾಸಿಯಿತ್ತು ಎನ್ನಿಸಿತು ಅವಳಿಗೆ.

"ಹೇಳಿದ್ರಿ," ಎಂದರು ಅವರು, ಕೋಲನ್ನು ಪರದೆಯಿಂದ ಇಳಿಸುತ್ತ. "ಮೆಟ್ಟಿಲ ಹತ್ರ ಹೇಳಿದ್ರಿ. ನಾನು ಕೇಳಿಸ್ಕೊಳ್ಳಲಿಲ್ಲ." ಸಭೆಯ ಕಡೆ ತಿರುಗಿ, "ಈ ಪ್ರಬಂಧ ಹೋಗಲ್ಲ, ಕ್ಷಮಿಸಿ" ಎಂದು ಪರದೆಯನ್ನು ಆರಿಸಿದರು. ಕೋಲನ್ನು ಮೇಜಿನ ಮೇಲಿಟ್ಟು ಮತ್ತೆ ಅವಳತ್ತ ನೋಡಿದರು. "ಅಮ್ಮನ್ನ ನೋಡ್ಕೊಂಡು ಬಂದ್ರಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

ಸಂಜೆ ಬೆಳಕಿರುವಾಗಲೇ ಅವಳು ಎರಡು ಬೀದಿ ದಾಟಿದಳು. ಅಮ್ಮನ ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ಚಿತ್ರದಕ್ಕ ಹೊಸ್ತಿಲ ಮುಂದೆ ಒಂದು ಕಾಲಿನ ಚಪ್ಪಲಿ ಬಿಟ್ಟು ಹಾಗೇ ನಿಂತಳು.

"ಯಾರದು, ಬಾಗಿಲಲ್ಲಿ?" ಎಂದಿತು ಅಮ್ಮನ ದನಿ.

ಅವಳು ಇನ್ನೊಂದು ಚಪ್ಪಲಿಯನ್ನೂ ಬಿಟ್ಟಳು.