ನಾಲ್ಕು ಹಗೇವು

ಹನ್ನೊಂದು ಹಳ್ಳಿಗಳ ಸಂಸ್ಥಾನಕ್ಕೆ ಮಹಾಯುದ್ಧಕ್ಕೆ ಸೈನ್ಯ ಕಳಿಸುವ ಉಮೇದು ಬಂದರೆ ಏನಾಗುತ್ತದೆ? ಒಂದು ಕಂಪನಿ ಆಗುತ್ತದೆ, ಅಷ್ಟೇ. ನೂರ ಇಪ್ಪತ್ತು ಜನ, ಮೂವತ್ತರಂತೆ ನಾಲ್ಕು ತುಕಡಿ. ನಮ್ಮ ದೊರೆಗಳು ಹಾಸಿಗೆ ಇದ್ದಷ್ಟು ಕಾಲು ಚಾಚುವವರಲ್ಲ. ೧೯೧೬ರ ಚಳಿಗಾಲದಲ್ಲಿ ಆ ಕಂಪನಿಯನ್ನು ಪುಣೆಯ ಲಷ್ಕರಕ್ಕೆ ಕಳಿಸಿಯೇ ಬಿಟ್ಟರು. ಅಲ್ಲಿ ಮೂರು ತಿಂಗಳು ಕವಾಯತು ಕಲಿತು, ಮುಂಬೈಯಲ್ಲಿ ಹಡಗು ಹತ್ತಿ, ಯುದ್ಧ ನಡೆದಿದ್ದ ಬಸ್ರಾಕ್ಕೆ ಹೋಗಬೇಕಿತ್ತು.

ಅಲ್ಲಿಯ ಸೈನ್ಯದ ಡಿಪೋದಲ್ಲಿ ಹೆಸರುಪಟ್ಟಿ ಬರೆಯುವ ಕಾರಕೂನ ಹೊಳಬಸಪ್ಪ ಅದೇ ಸಂಸ್ಥಾನದ ಮರಡಿ ಎಂಬ ಊರಿನವನು. ಹೊಸ ಇಂಗ್ಲಿಷ್ ಕ್ಯಾಪ್ಟನ್‌ಗೆ ಕನ್ನಡವೂ ಬಾರದು, ಮರಾಠಿಯೂ ಬಾರದು. ನಾಲ್ಕೂ ತುಕಡಿ ಸರಿಸಮ ಇದ್ದರೆ ಸಾಕು, ಯಾರು ಎಲ್ಲಿ ಎಂಬುದು ನಿನಗೇ ಬಿಟ್ಟದ್ದು ಎಂದು ಆತ ಕೈ ತೊಳೆದುಕೊಂಡ.

ಸಂಸ್ಥಾನದಲ್ಲಿ ಊರಿನ ಲೆಕ್ಕದಲ್ಲಿ ತುಕಡಿ ಕಟ್ಟಿದ್ದರು. ಮರಡಿಯ ಇಪ್ಪತ್ನಾಲ್ಕು ಜನರದ್ದೂ ಒಂದೇ ತುಕಡಿ, ಒಂದೇ ಒಲೆ, ಸಂಜೆಗೆ ಒಂದೇ ಭಜನೆ. ಅವರಲ್ಲಿ ಹೊಳಬಸಪ್ಪನ ಅಕ್ಕ ಭೀಮವ್ವನ ಒಬ್ಬನೇ ಮಗ ಈರಣ್ಣನೂ ಇದ್ದ. ದೀಪಾವಳಿಗೆ ಊರಿಗೆ ಹೋದಾಗ ಭೀಮವ್ವ ತಮ್ಮನ ಕೈ ಹಿಡಿದು ಮಾತು ತೆಗೆದುಕೊಂಡಿದ್ದಳು. ಊರ ಹುಡುಗರನ್ನು ಅಗಲಿಸಬಾರದು, ಒಬ್ಬರಿಗೊಬ್ಬರು ಆಗುತ್ತಾರೆ ಎಂದಿದ್ದಳು. ಹೋಳಿಗೆ ಉಂಡ ಬಾಯಲ್ಲಿ ಆತ ಹೂಂ ಎಂದಿದ್ದ.

ಆದರೆ ಡಿಪೋದಲ್ಲಿ ಆತನಿಗೆ ಇನ್ನೊಂದು ಕೆಲಸವೂ ಇತ್ತು. ಬಸ್ರಾದ ಕಡೆಯಿಂದ ಬರುವ ಸತ್ತವರ ಪಟ್ಟಿಯನ್ನು ಆತನೇ ನಕಲು ಮಾಡಬೇಕು. ಒಂದು ಮಧ್ಯಾಹ್ನ ಬಂದ ಪಟ್ಟಿಯಲ್ಲಿ ಇಪ್ಪತ್ತೇಳು ಹೆಸರು, ಎಲ್ಲರದ್ದೂ ಬೇರೆ ಸೀಮೆಯ ಒಂದೇ ಊರು, ಒಂದೇ ತುಕಡಿ, ಒಂದೇ ದಿನ. ಆ ಊರ ಹೆಸರನ್ನೂ ಇಪ್ಪತ್ತೇಳು ಸಲ ಬರೆಯಬೇಕಾಯಿತು.

ಆತನಿಗೆ ಊರ ಹಗೇವುಗಳು ನೆನಪಾದವು. ಮರಡಿಯಲ್ಲಿ ನೆಲದೊಳಗೆ ಹಗೇವು ತೋಡಿ ಜೋಳ ತುಂಬುತ್ತಾರೆ. ಆದರೆ ವರ್ಷದ ಜೋಳವನ್ನೆಲ್ಲ ಒಂದೇ ಹಗೇವಿಗೆ ಸುರಿಯುವ ಮನೆ ಒಂದೂ ಇಲ್ಲ. ತಮ್ಮದರಲ್ಲಿ ಒಂದಿಷ್ಟು, ನೆರೆಯವರದರಲ್ಲಿ ಒಂದಿಷ್ಟು. ಒಂದಕ್ಕೆ ನೀರು ಹೊಕ್ಕು ಜೋಳ ಮುಗ್ಗಿದರೂ ಊರು ಉಪವಾಸ ಬೀಳುವುದಿಲ್ಲ.

ಮರುದಿನ ಹೊಳಬಸಪ್ಪ ಮರಡಿಯವರ ಹೆಸರುಗಳನ್ನು ಒಂದು, ಎರಡು, ಮೂರು, ನಾಲ್ಕು ಎಂದು ಸರದಿಯಂತೆ ಹಂಚಿದ. ತುಕಡಿಗೆ ಆರು ಜನ. ಈರಣ್ಣ ಎರಡನೆಯದಕ್ಕೆ ಬಿದ್ದ. ಅವನನ್ನು ಬೇರೆ ಕಡೆ ಸರಿಸೋಣವೇ ಎಂದು ಲೇಖನಿ ಒಂದು ಗಳಿಗೆ ನಿಂತಿತು. ಯಾವ ತುಕಡಿ ಒಳ್ಳೆಯದು ಎಂದು ದೇವರಿಗೇ ಗೊತ್ತಿರಬೇಕು. ಆತ ಸರದಿ ಮುರಿಯಲಿಲ್ಲ.

ಕವಾಯತಿನ ಬಯಲಿನಲ್ಲಿ ಪಟ್ಟಿ ಓದಿದ ಕೂಡಲೇ ಈರಣ್ಣ ಕಾರಕೂನನ ಮೇಜಿನ ಮುಂದೆ ಬಂದು ನಿಂತ.

"ಮಾಮಾ, ಅವ್ವಗ ಮಾತ ಕೊಟ್ಟಿದ್ರಿ."

ಹಗೇವಿನ ಮಾತು ಹೊಳಬಸಪ್ಪನ ನಾಲಿಗೆಯ ತುದಿಗೆ ಬಂತು. ಆದರೆ ಹೊರಟು ನಿಂತ ಹುಡುಗನಿಗೆ ನೀವು ಸತ್ತರೆ ಎಂದು ಹೇಗೆ ಹೇಳುವುದು? "ಸಾಹೇಬರ ಹುಕುಂ" ಎಂದ. ಹುಡುಗ ನಂಬಿದ, ಕಾಲಿಗೆ ನಮಸ್ಕರಿಸಿ ಹೋದ. ನಂಬಿದ್ದೇ ಹೊಳಬಸಪ್ಪನಿಗೆ ಚುಚ್ಚಿತು.

ಮುಂದಿನ ವರ್ಷ ನದಿ ದಾಟುವಾಗ ಎರಡನೇ ತುಕಡಿಯ ದೋಣಿಗಳ ಮೇಲೆ ಗುಂಡುಗಳು ಬಿದ್ದವು. ಆ ಪಟ್ಟಿಯನ್ನೂ ಹೊಳಬಸಪ್ಪನೇ ನಕಲು ಮಾಡಿದ. ಮರಡಿಯ ಹೆಸರು ಆರು ಸಲ ಬಂತು, ನಾಲ್ಕನೆಯದು ಈರಣ್ಣನದು. ಉಳಿದ ಹದಿನೆಂಟು ಜನ ಯುದ್ಧ ಮುಗಿಸಿ ಜೀವಂತ ಮರಳಿದರು. ಆತ ಮಾತ್ರ ಆಮೇಲೆ ಊರ ಕಡೆ ಮುಖ ಹಾಕಲಿಲ್ಲ.

ಕೊನೆಗೆ ಭೀಮವ್ವನೇ ಪುಣೆಗೆ ಬಂದಳು. ತಮ್ಮನ ಮನೆಯ ಪಡಸಾಲೆಯಲ್ಲಿ ಕೂತು, ನೀರು ಕುಡಿದು, ತಂಬಿಗೆ ಕೆಳಗಿಟ್ಟು ಕೇಳಿದಳು.

"ಹುಡುಗರನ್ನ ಚದರಿಸಿದ್ದು ಸಾಹೇಬನೋ, ನೀನೋ?"

"ನಾನ, ಅಕ್ಕಾ."

ನಂತರ ಆತ ಎಲ್ಲವನ್ನೂ ಹೇಳಿದ. ಇಪ್ಪತ್ತೇಳು ಹೆಸರಿನ ಪಟ್ಟಿ, ಹಗೇವು, ಸರದಿ, ಸುಳ್ಳು, ಒಂದನ್ನೂ ಬಿಡಲಿಲ್ಲ. ಭೀಮವ್ವ ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ಆತನಿಗೆ ಹಗುರಾಗುತ್ತಿತ್ತು.

"ನಾನೂ ಮೂರು ಕಡೆ ಇಡತೇನಿ ಜ್ವಾಳ," ಎಂದಳು. "ನೀರು ಹೊಕ್ಕ ಹಗೇವು ನಂದಾತು."

ತಿರುಗಿ ಬಂದವರ ಹೆಸರು ಓದು ಎಂದು ಆಕೆ ಹೇಳಿದಳು. ಆತ ಪಟ್ಟಿ ತಂದು ಓದತೊಡಗಿದ. ಒಂದೊಂದು ಹೆಸರಿಗೂ ಆಕೆ ಆ ಹುಡುಗನ ತಾಯಿಯ ಹೆಸರು ಸೇರಿಸಿ ಹೇಳುತ್ತಿದ್ದಳು. ಮಲಕಪ್ಪ ಎಂದಾಗ, ಗೌರಾಬಾಯಿಯ ಮಗ, ಆಕೆಗೂ ಒಬ್ಬನೇ ಎಂದಳು. ಹತ್ತನೆಯ ಹೆಸರು ಓದಿ ಹೊಳಬಸಪ್ಪ ಪಟ್ಟಿ ಕೆಳಗಿಟ್ಟ.

"ಓದಪಾ," ಎಂದಳು ಭೀಮವ್ವ. "ಇನ್ನೂ ಎಂಟು ಮಂದಿ ಅದಾರ."