ಅರ್ಧ ಮಾತ್ರೆ

ಆ ಹೊಲಿಗೆ ಅಂಗಡಿಯಲ್ಲಿ ಅಕ್ಕನದು ಕತ್ತರಿ, ತಂಗಿಯದು ಮಿಷನ್ನು. ಅಳತೆ ತೆಗೆದು, ಸೀಮೆಸುಣ್ಣದಲ್ಲಿ ಗೆರೆ ಎಳೆದು ಬಟ್ಟೆ ಕತ್ತರಿಸುವುದು ಅಕ್ಕ. ಹೊಲಿಯುವುದು, ಅದಕ್ಕಿಂತ ಹೆಚ್ಚಾಗಿ ದೊಗಳೆಯಾದದ್ದನ್ನು ಬಿಗಿ ಮಾಡಿಕೊಡುವುದು ತಂಗಿ. ಗಿರಾಕಿ ಸೊರಗಿದ್ದರೆ ಕೋಟು ಕಿರಿದಾಗಬೇಕು, ದೊಡ್ಡಣ್ಣನ ಪ್ಯಾಂಟು ಚಿಕ್ಕ ತಮ್ಮನಿಗೆ ಆಗಬೇಕು. ಒಂದಿಷ್ಟು ಒಳಗೆ ಮಡಿಸಿ ಹೊಲಿದುಬಿಟ್ಟರೆ ಯಾವುದಾದರೂ ಮೈಗೆ ಕೂತೇ ಕೂರುತ್ತದೆ ಎಂಬುದು ತಂಗಿಯ ನಂಬಿಕೆ. ಬಟ್ಟೆಯ ಮಟ್ಟಿಗೆ ಅದು ಸುಳ್ಳೂ ಅಲ್ಲ.

ಅಕ್ಕ ಮೆಟ್ಟಿಲಿನಿಂದ ಜಾರಿ ಬಿದ್ದಳು. ಕತ್ತಿನ ಮೂಳೆಗೆ ಆಪರೇಷನ್ ಆಯಿತು, ಮೂಳೆ ಕೂಡಿಕೊಂಡಿತು, ನೋವು ಮಾತ್ರ ಬಿಟ್ಟು ಹೋಗಲಿಲ್ಲ. ಕತ್ತಿನಿಂದ ಹೊರಟು ಬಲಗೈ ಬೆರಳ ತುದಿಯವರೆಗೆ ಉರಿ. ಕತ್ತರಿ ಹಿಡಿಯುವುದಿರಲಿ, ತಲೆ ಬಾಚಿಕೊಳ್ಳಲೂ ತಂಗಿಯೇ ಬೇಕಾಯಿತು. ಎಷ್ಟೋ ಡಾಕ್ಟರುಗಳಿಗೆ ತೋರಿಸಿದ ಮೇಲೆ ನೋವಿನ ವಿಭಾಗದ ಡಾಕ್ಟರು ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಬಲವಾದ ಮಾತ್ರೆ ಬರೆದುಕೊಟ್ಟರು. ನೋವು ಪೂರ್ತಿ ಹೋಗಲಿಲ್ಲ. ಆದರೆ ಪಕ್ಕಕ್ಕೆ ಸರಿದು ಕೂತಿತು. ಅಕ್ಕ ಮತ್ತೆ ಕತ್ತರಿಸುವ ಮೇಜಿನ ಮುಂದೆ ನಿಂತಳು, ಮತ್ತೆ ಗಿರಾಕಿಗಳನ್ನು ರೇಗಿಸತೊಡಗಿದಳು. ಎರಡು ವರ್ಷ ಹಾಗೇ ಚೆನ್ನಾಗಿ ನಡೆಯಿತು.

ಚೆನ್ನಾಗಿ ನಡೆಯುವುದನ್ನು ನೋಡಿ ಸುಮ್ಮನಿರಲು ಕೆಲವರಿಗೆ ಆಗುವುದಿಲ್ಲ. ಕೋಟು ಸಣ್ಣ ಮಾಡಿಸಲು ಬಂದ ಟೀಚರಮ್ಮ ಮೇಜಿನ ಮೇಲಿದ್ದ ಮಾತ್ರೆಯ ಡಬ್ಬಿ ಎತ್ತಿ ನೋಡಿ, ಹುಬ್ಬು ಹಾರಿಸಿ, ತಂಗಿಯನ್ನು ಬಾಗಿಲ ಹೊರಗೆ ಕರೆದು ಕಿವಿ ಊದಿದಳು. "ಇದು ಎಂಥ ಮಾತ್ರೆ ಗೊತ್ತೇನಮ್ಮಾ? ಚಟ ಹಿಡಿಸುತ್ತೆ. ಇದಕ್ಕೋಸ್ಕರ ಮನೆ ಪಾತ್ರೆ ಮಾರ್ಕೊಂಡವರಿದ್ದಾರೆ."

ಚಟ ಎಂದರೇನು ಎಂದು ತಂಗಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಅವಳ ಗಂಡ ಕುಡಿದು ಕುಡಿದೇ ಸತ್ತವನು. ಬಾಟಲಿ ಬಚ್ಚಿಡುವುದು, ಆಣೆ ಹಾಕುವುದು, ಕಾಲಿಗೆ ಬೀಳುವುದು, ಮರುದಿನ ಅದೇ ರಾಗ, ಎಲ್ಲವನ್ನೂ ಕಂಡು ಬಂದು ಅಕ್ಕನ ಮನೆ ಸೇರಿದವಳು. ಇನ್ನೊಬ್ಬರನ್ನು ಹಾಗೆ ಕಳೆದುಕೊಳ್ಳುವ ಶಕ್ತಿ ಅವಳಲ್ಲಿರಲಿಲ್ಲ.

ಮಾತ್ರೆ ಡಬ್ಬಿ ಅಂದೇ ಅವಳ ಕಪಾಟು ಸೇರಿತು. "ನುಂಗೋಕೆ ಕತ್ತು ಹಿಂದಕ್ಕೆ ಬಗ್ಗಿಸಿದ್ರೆ ನೋಯುತ್ತೆ ಅಂತೀಯಲ್ಲಕ್ಕಾ, ನಾನೇ ಪುಡಿ ಮಾಡಿ ಜೇನುತುಪ್ಪದಲ್ಲಿ ಕೊಡ್ತೀನಿ," ಎಂದಳು. ಅಕ್ಕ ನಕ್ಕಳು. "ಚಿಕ್ಕವಳಿದ್ದಾಗ ನಿಂಗೆ ನಾನು ಹೀಗೇ ತಿನ್ನಿಸ್ತಿದ್ದೆ. ಈಗ ನಿನ್ನ ಸರದಿ. ಕೊಡಮ್ಮಾ ಕೊಡು."

ತಂಗಿ ಪುಡಿ ಮಾಡಿದ್ದು ಅರ್ಧ ಮಾತ್ರೆಯನ್ನು. ಅಕ್ಕನಿಗೆ ತಿಳಿಯದ ಹಾಗೆ ಇಷ್ಟಿಷ್ಟೇ ಕಡಿಮೆ ಮಾಡಿ, ಒಂದು ದಿನ ಬರೀ ಜೇನುತುಪ್ಪ ಕೊಟ್ಟು ಮುಗಿಸಿಬಿಡುವುದು ಅವಳ ಲೆಕ್ಕಾಚಾರ. ಕೋಟಿಗೆ ಮಾಡುವುದನ್ನೇ ಮಾತ್ರೆಗೂ ಮಾಡಿದಳು. ಮಹಾ ಜಾಣೆ!

ವಾರ ಕಳೆಯುವುದರೊಳಗೆ ಅಕ್ಕ ಬೇರೆಯೇ ಆದಳು. ಬೆಳಿಗ್ಗೆ ಪುಡಿ ತಿಂದು ಅಂಗಡಿಗೆ ಬಂದವಳು ಮೇಜಿಗೆ ಒರಗಿಕೊಂಡೇ ತೂಕಡಿಸುವಳು, ಮಾತು ತೊದಲುವುದು. ಮಧ್ಯಾಹ್ನ ದಾಟಿದರೆ ಸಾಕು, ಆಕಳಿಕೆ, ಬೆವರು, ಕೈನಡುಕ, ಕತ್ತಿನಲ್ಲಿ ಬೆಂಕಿ. "ಸಂಜೇದು ಈಗಲೇ ಕೊಟ್ಟುಬಿಡೇ, ತಡ್ಕೊಳ್ಳೋಕೆ ಆಗ್ತಿಲ್ಲ," ಎಂದು ಅಂಗಲಾಚುವಳು. ಕೊಡದಿದ್ದರೆ ರೇಗಾಟ. ಒಂದು ದಿನ ಮದುಮಗಳ ರೇಷ್ಮೆ ಬಟ್ಟೆಯನ್ನು ಅಡ್ಡಾದಿಡ್ಡಿ ಕತ್ತರಿಸಿಟ್ಟಳು. ಅಷ್ಟು ವರ್ಷಗಳಲ್ಲಿ ಒಂದು ಕರವಸ್ತ್ರವನ್ನೂ ಕೆಡಿಸದ ಕೈ ಅದು.

ತಂಗಿ ಎಲ್ಲವನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು, ಪ್ರತಿಯೊಂದೂ ಗುರುತಿನದೇ. ಅದೇ ತೊದಲು, ಅದೇ ನಡುಕ, ಅದೇ ಬೇಡಿಕೆ. ಟೀಚರಮ್ಮ ಹೇಳಿದ್ದು ನಿಜವಾಯಿತಲ್ಲ ಎಂದು ಒಳಗೊಳಗೇ ಅತ್ತಳು. ಅತ್ತು, ಇನ್ನೊಂದಿಷ್ಟು ಕಡಿಮೆ ಮಾಡಿದಳು.

ಒಂದು ಮಧ್ಯಾಹ್ನ ಅಕ್ಕ ಕಪಾಟಿನ ಬೀಗಕ್ಕೆ ಸೂಜಿ ತೂರಿಸುತ್ತಿದ್ದಾಗ ಸಿಕ್ಕಿಬಿದ್ದಳು.

"ಥೂ, ನೀನೂ ಅವನ ಹಾಗೇ ಆಗ್ಬಿಟ್ಟೆ!" ಎಂದು ತಂಗಿ ಕಿರುಚಿದಳು.

"ನೋವು ಕಣೇ. ಬರೀ ನೋವು. ನಂಬೇ ನನ್ನ."

"ಅವನೂ ನಂಬು ಅಂತಲೇ ಹೇಳ್ತಿದ್ದ."

ಅಕ್ಕ ಸೂಜಿಯನ್ನು ಕೆಳಗಿಟ್ಟು, ಗೋಡೆ ಹಿಡಿದುಕೊಂಡು ಹೋಗಿ ಮಲಗಿದಳು.

ತಂಗಿ ಅವಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರ ಮುಂದೆ ಅಕ್ಕ ಬಾಯಿ ತೆರೆಯುವ ಮೊದಲೇ ತೂಕಡಿಕೆ, ತೊದಲು, ಬೀಗ, ಸೂಜಿ, ಎಲ್ಲವನ್ನೂ ಒಪ್ಪಿಸಿ, "ಚಟ ಹಿಡಿದುಬಿಟ್ಟಿದೆ ಸಾರ್," ಎಂದಳು. ಅರ್ಧ ಮಾತ್ರೆಯದನ್ನು ಮಾತ್ರ ಹೇಳಲಿಲ್ಲ. ಅದು ಅವಳಿಗೆ ತಪ್ಪು ಅನ್ನಿಸಿರಲೇ ಇಲ್ಲ, ಹೇಳಬೇಕು ಅಂತ ಹೊಳೆಯುವುದಾದರೂ ಹೇಗೆ? ಡಾಕ್ಟರು ಗಂಭೀರವಾಗಿ ತಲೆಯಾಡಿಸಿದರು. "ಮನೆಯವರು ಇಷ್ಟು ಎಚ್ಚರವಾಗಿರೋದು ಅಪರೂಪ. ಒಳ್ಳೇ ಕೆಲಸ ಮಾಡಿದ್ರಿ," ಎಂದರು. ಮಾತ್ರೆ ಇಳಿಸುತ್ತಾ ಬಂದು ಪೂರ್ತಿ ನಿಲ್ಲಿಸುವುದು, ಇನ್ನು ಮುಂದೆ ಚಟ ಬಿಡಿಸುವ ವಿಭಾಗಕ್ಕೆ ಹೋಗುವುದು ಎಂದು ತೀರ್ಮಾನವಾಯಿತು. ತಂಗಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಅಕ್ಕನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಕಡಿಮೆ ಶಕ್ತಿಯ ಮಾತ್ರೆ ತೆಗೆದುಕೊಳ್ಳಲು ಔಷಧಿಯ ಕಿಟಕಿಗೆ ಹೋದಳು. ಕಿಟಕಿಯಾಕೆ ಪೊಟ್ಟಣ ಕೊಡುತ್ತಾ, ಎಲ್ಲರಿಗೂ ಹೇಳುವ ಧಾಟಿಯಲ್ಲಿ ಹೇಳಿದಳು: "ಮುರೀಬಾರದು, ಪುಡಿ ಮಾಡಬಾರದು. ಇಡಿಯಾಗಿ ನುಂಗಬೇಕು."

"ಪುಡಿ ಮಾಡಿದ್ರೆ?"

"ಅಯ್ಯೋ, ಹನ್ನೆರಡು ಗಂಟೆ ನಿಧಾನಕ್ಕೆ ಕರಗಬೇಕಾದ್ದು ಒಂದೇ ಸಲಕ್ಕೆ ರಕ್ತಕ್ಕೆ ಇಳಿಯುತ್ತಲ್ಲಮ್ಮಾ. ಮೊದಲು ಮಂಪರು, ತೊದಲು. ಉಸಿರೇ ನಿಂತುಹೋಗಬಹುದು. ಆಮೇಲೆ ಎಲ್ಲ ಖಾಲಿ. ಬೆವರು, ನಡುಕ, ನೋವು ಎರಡರಷ್ಟು. ಮೊದಲ ಸಲವೇ ಹೇಳಿರ್ತಾರಲ್ಲ?"

ಹೇಳಿದ್ದರೋ ಏನೋ. ಆಗ ತಂಗಿಗೆ ಮಾತ್ರೆಯ ಉಸಾಬರಿಯೇ ಇರಲಿಲ್ಲ. ನೋವಿನಲ್ಲಿದ್ದ ಅಕ್ಕನ ಕಿವಿಗೆ ಅದು ಬಿದ್ದಿತ್ತೋ ಇಲ್ಲವೋ.

ತಂಗಿ ಓಡಿದಳು. ಸಾಲಿನಲ್ಲಿದ್ದವರನ್ನು ತಳ್ಳಿ ಡಾಕ್ಟರ ಕೋಣೆಗೆ ನುಗ್ಗಿದಳು. "ತಪ್ಪು ನಂದು ಸಾರ್! ಅವಳಿಗೆ ಯಾವ ಚಟಾನೂ ಇಲ್ಲ. ನಾನೇ ಕದ್ದು ಅರ್ಧ ಮಾಡಿ, ಪುಡಿ ಮಾಡಿ ಕೊಡ್ತಿದ್ದೆ. ನಾನು ಹೇಳಿದ್ದೆಲ್ಲಾ ಅದರಿಂದಲೇ ಆಗಿದ್ದು. ದಮ್ಮಯ್ಯ, ಬರೆದದ್ದು ಹೊಡೆದುಹಾಕಿ."

ಡಾಕ್ಟರು ಕನ್ನಡಕ ತೆಗೆದು ಅವಳನ್ನು ನೋಡಿದರು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು. ಮರುಕದಿಂದ ನೋಡಿದರು.

"ಹೊರಗೆ ಹೋದ ಮೇಲೆ ಅತ್ತರಾ ನಿಮ್ಮಕ್ಕ?"

"ಇಲ್ಲ ಸಾರ್, ಅವಳಿಗೆ ಇದು ಗೊತ್ತೇ ಇಲ್ಲ."

"ನೋಡಿಮ್ಮಾ, ಇಂಥವರ ಮನೆಯವರು ಮೊದಲು ನಿಜ ಹೇಳ್ತಾರೆ, ಆಮೇಲೆ ಕರುಳು ಕೇಳಲ್ಲ, ಸುಳ್ಳು ಹೇಳೋಕೆ ವಾಪಸ್ ಬರ್ತಾರೆ. ದಿನಾ ನೋಡ್ತೀನಿ. ಗಟ್ಟಿ ಮನಸ್ಸು ಮಾಡ್ಕೊಳ್ಳಿ." ಮುಂದಿನವರನ್ನು ಕರೆದರು.

ತಂಗಿ ಬೆಂಚಿನ ಬಳಿಗೆ ಬಂದಳು. ಅಕ್ಕ ನೆಲ ನೋಡುತ್ತಾ ಕೂತಿದ್ದಳು. "ನೀನು ಹೇಳಿದ್ದೇ ಸರಿ ಇರಬೇಕು ಕಣೇ," ಎಂದಳು. "ನಂಗೇ ಗೊತ್ತಾಗದ ಹಾಗೆ ಕೆಟ್ಟುಹೋದೆ. ನಿಂಗೆ ಎರಡನೇ ಸಲ ಈ ಕರ್ಮ ತಂದಿಟ್ಟೆ. ಬಿಡ್ತೀನಿ. ಎಷ್ಟೇ ನೋಯಲಿ, ಬಿಟ್ಟೇ ಬಿಡ್ತೀನಿ."

ತಂಗಿ ಅಲ್ಲೇ ನೆಲದ ಮೇಲೆ ಕುಕ್ಕರಿಸಿ ಕೂತು ಎಲ್ಲವನ್ನೂ ಹೇಳಿದಳು. ಅರ್ಧ ಮಾತ್ರೆ, ಪುಡಿ, ಈಗ ಡಾಕ್ಟರು ಹೇಳಿದ್ದು.

ಅಕ್ಕ ಬೈಯಲಿಲ್ಲ. ಇಷ್ಟೇ ಕೇಳಿದಳು. "ಅಂದ್ರೆ, ನಾನು ಹಾಗಾಗಿರಲಿಲ್ಲ ಅಲ್ವಾ?"

"ಇಲ್ಲಕ್ಕಾ."

ಅಕ್ಕನ ಮುಖ ಒಂದು ಗಳಿಗೆ ಅರಳಿತು. ಎಷ್ಟೋ ದಿನದ ಮೇಲೆ ಅರಳಿದ ಮುಖ ಅದು. ಆಮೇಲೆ ಮುಚ್ಚಿದ್ದ ಡಾಕ್ಟರ ಬಾಗಿಲು ನೋಡಿದಳು, ತಂಗಿಯ ಕೈಲಿದ್ದ ಪೊಟ್ಟಣ ನೋಡಿದಳು.

"ನಾನು ನೋವು ಅಂದೆ, ನೀನು ನಂಬಲಿಲ್ಲ. ನೀನು ತಪ್ಪು ನಂದು ಅಂದೆ, ಅವರು ನಂಬಲಿಲ್ಲ," ಎಂದಳು. "ನಾವಿಬ್ಬರೂ ಸೇರಿ ಹೇಳಿದ್ದರಲ್ಲಿ ಅವರು ನಂಬಿದ್ದು ಒಂದೇ ಒಂದು ಮಾತು ನೋಡು. ಅದೊಂದೇ ಸುಳ್ಳು."